ಮೌಸ್ ಮೈಸ್ ಆಯಿತು, ಹೌಸ್ ಏಕೆ ಹೈಸ್ ಆಗಲಿಲ್ಲ?

ಇಂಗ್ಲಿಷ್ ನಾಮಪದಗಳ ಬಹುವಚನವನ್ನು ಹೇಳಿಕೊಡುವ ವ್ಯಾಕರಣದ ಪುಸ್ತಕಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾಡಿನಲ್ಲಿ ಸಾಗುತ್ತವೆ. ಮೊದಲ ಪುಟದಲ್ಲಿ ಪದದ ಕೊನೆಗೆ ಎಸ್ ಅಕ್ಷರ ಸೇರಿಸಿರಿ ಎಂಬ ಸುಲಭದ ಸೂತ್ರವಿರುತ್ತದೆ, ಎರಡನೆಯ ಪುಟದಲ್ಲಿ ಅದಕ್ಕೆ ನಾಲ್ಕಾರು ತಿದ್ದುಪಡಿಗಳಿರುತ್ತವೆ, ಮೂರನೆಯ ಪುಟದಿಂದ ಅಪವಾದಗಳ ಉದ್ದನೆಯ ಪಟ್ಟಿ ಆರಂಭವಾಗುತ್ತದೆ. ಆ ಪಟ್ಟಿಯನ್ನು ಬಾಯಿಪಾಠ ಮಾಡಿಕೊಳ್ಳುವುದಲ್ಲದೆ ಬೇರೆ ದಾರಿಯಿಲ್ಲವೆಂದು ಓದುವವರೂ ನಂಬುತ್ತಾರೆ, ಕಲಿಸುವವರೂ ನಂಬುತ್ತಾರೆ. ಮೌಸ್ ಎಂಬುದು ಮೈಸ್ ಆಗುವುದಾದರೆ ಅದರೊಂದಿಗೆ ಪ್ರಾಸ ಕೂಡುವ ಹೌಸ್ ಏಕೆ ಹೈಸ್ ಆಗುವುದಿಲ್ಲ ಎಂದು ಯಾರಾದರೂ ಕೇಳಿದರೆ, ಇಂಗ್ಲಿಷ್ ಇರುವುದೇ ಹಾಗೆ ಎಂಬ ಉತ್ತರ ಬರುತ್ತದೆ.

ನನಗೆ ಈ ಉತ್ತರ ಎಂದೂ ಸಮಾಧಾನ ಕೊಟ್ಟಿಲ್ಲ. ಅಪವಾದಗಳೆಂದು ನಾವು ಮೂಲೆಗೆ ತಳ್ಳುವ ರೂಪಗಳಲ್ಲಿ ಬಹುಪಾಲು ತಮ್ಮ ಕಾಲದ ನಿಯಮವನ್ನು ಚಾಚೂತಪ್ಪದೆ ಪಾಲಿಸಿದವು. ನಿಯಮ ಸತ್ತುಹೋಯಿತು, ಪದ ಉಳಿಯಿತು, ಅಷ್ಟೇ. ಆದ್ದರಿಂದ ಒಂದು ಪದದ ಬಹುವಚನ ವಿಚಿತ್ರವಾಗಿ ಕಂಡಾಗ ಆ ಪದ ಇಂಗ್ಲಿಷಿಗೆ ಯಾವಾಗ ಬಂತು, ಯಾವ ಭಾಷೆಯಿಂದ ಬಂತು ಎಂದು ಕೇಳಿಕೊಂಡರೆ ಉತ್ತರ ಅರ್ಧ ಸಿಕ್ಕಂತೆಯೇ. ಇಲ್ಲಿ ಆ ದೃಷ್ಟಿಯಿಂದಲೇ ಈ ವಿಷಯವನ್ನು ನೋಡುತ್ತಿದ್ದೇನೆ.

ಮೊದಲು ಇಂದಿಗೂ ಜೀವಂತವಾಗಿರುವ ನಿಯಮವನ್ನು ನೋಡೋಣ. ಅದು ನಿಜವಾಗಿ ಬರಹದ ನಿಯಮವಲ್ಲ, ಉಚ್ಚಾರಣೆಯ ನಿಯಮ. ಕ್ಯಾಟ್ ಎಂಬುದರ ಕೊನೆಯ ಟಕಾರ ಅಘೋಷ. ಅದನ್ನು ನುಡಿಯುವಾಗ ಗಂಟಲು ಅದುರುವುದಿಲ್ಲ, ಹಾಗಾಗಿ ಅದರ ಮುಂದೆ ಬರುವ ಪ್ರತ್ಯಯವೂ ಅಘೋಷವಾದ ಸ್ ಆಗುತ್ತದೆ. ಡಾಗ್ ಎಂಬುದರ ಗಕಾರ ಘೋಷ. ಗಂಟಲಿನ ಮೇಲೆ ಬೆರಳಿಟ್ಟು ನುಡಿದರೆ ಅದುರುವಿಕೆ ಕೈಗೆ ತಿಳಿಯುತ್ತದೆ. ಅದರ ಬಹುವಚನದಲ್ಲಿ ಕೇಳಿಸಬೇಕಾದದ್ದು ಸ್ ಅಲ್ಲ, ಇಂಗ್ಲಿಷಿನ ಜ಼ೆಡ್ ಅಕ್ಷರದ ಧ್ವನಿಯಾದ ಜ಼್. ಬಸ್, ಬಾಕ್ಸ್, ಡಿಶ್, ಮ್ಯಾಚ್, ಜಡ್ಜ್ ಇವುಗಳ ಕೊನೆಯಲ್ಲಿ ಆಗಲೇ ಸಕಾರ, ಶಕಾರ, ಚಕಾರ, ಜಕಾರದಂಥ, ಸಕಾರಕ್ಕೆ ಹತ್ತಿರದ ಧ್ವನಿಗಳಿರುವುದರಿಂದ ಅವಕ್ಕೆ ಇನ್ನೊಂದು ಸಕಾರ ಅಂಟುವುದಿಲ್ಲ. ನಡುವೆ ಒಂದು ಸಣ್ಣ ಸ್ವರ ಹೊಕ್ಕು ಇಜ಼್ ಎಂದಾಗುತ್ತದೆ. ಹೀಗೆ ಕಿವಿಗೆ ಮೂರು ರೂಪಗಳಿದ್ದರೂ ಬರಹದಲ್ಲಿ ಅವು ಎಸ್ ಅಥವಾ ಇಎಸ್ ಎಂಬ ಎರಡರಲ್ಲಿಯೇ ಅಡಗಿವೆ. ಕನ್ನಡ ಲಿಪಿಯಲ್ಲಿ ಜ಼ಕಾರಕ್ಕೆ ನೆಲೆಯಾದ ಅಕ್ಷರವಿಲ್ಲದ ಕಾರಣ ನಾವು ಡಾಗ್ಸ್, ಬಾಯ್ಸ್ ಎಂದು ಬರೆದು ಹಾಗೆಯೇ ಓದುತ್ತೇವೆ. ಇಂಗ್ಲಿಷನ್ನು ತಾಯ್ನುಡಿಯಾಗಿ ಆಡುವವರ ಕಿವಿಗೆ ಇದು ಕೂಡಲೇ ಗೊತ್ತಾಗುತ್ತದೆ. ವ್ಯಾಕರಣದ ಪುಸ್ತಕಗಳು ಇದರ ಬಗ್ಗೆ ಸಾಮಾನ್ಯವಾಗಿ ಚಕಾರವೆತ್ತುವುದಿಲ್ಲ.

ಈ ನಿಯಮ ಬಾಯಿಪಾಠದಿಂದ ಬಂದದ್ದಲ್ಲ ಎಂಬುದನ್ನು ಜೀನ್ ಬರ್ಕೊ ಎಂಬ ಅಮೆರಿಕದ ಭಾಷಾವಿಜ್ಞಾನಿ 1958ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಸೊಗಸಾಗಿ ತೋರಿಸಿಕೊಟ್ಟರು. ಚಿಕ್ಕ ಮಕ್ಕಳಿಗೆ ಹಕ್ಕಿಯಂಥ ಒಂದು ಪ್ರಾಣಿಯ ಚಿತ್ರ ತೋರಿಸಿ, ಇದು ಒಂದು ವಗ್ ಎಂದು ಹೇಳುವುದು. ಬಳಿಕ ಅಂಥವೇ ಎರಡನ್ನು ತೋರಿಸಿ, ಈಗ ಎರಡಿವೆ, ಎರಡು ಏನು ಎಂದು ಕೇಳಿ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸುವುದು. ವಗ್ ಎಂಬ ಪದವೇ ಇಲ್ಲ. ಆದ್ದರಿಂದ ಮಕ್ಕಳು ಅದರ ಬಹುವಚನವನ್ನು ಹಿಂದೆ ಎಲ್ಲಿಯೂ ಕೇಳಿರಲು ಸಾಧ್ಯವಿಲ್ಲ. ಆದರೂ ಹೆಚ್ಚಿನ ಮಕ್ಕಳು ಸರಿಯಾದ ಜ಼ಕಾರ ಹಚ್ಚಿ ಉತ್ತರಿಸಿದರು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಗ್ಲಾಸ್ ಎಂಬುದರ ಬಹುವಚನವನ್ನು ತಡವರಿಸದೆ ಹೇಳುತ್ತಿದ್ದ ಮಕ್ಕಳೇ ಟ್ಯಾಸ್ ಎಂಬ ಕಟ್ಟುಪದ ಎದುರಾದಾಗ ಇಜ಼್ ಹಚ್ಚಲು ತಿಳಿಯದೆ ಅದನ್ನು ಹಾಗೆಯೇ ಬಿಟ್ಟರು. ಸಕಾರದಲ್ಲಿ ಮುಗಿಯುವ ಪದ ಆಗಲೇ ಬಹುವಚನದಂತೆ ಕೇಳಿಸುವುದರಿಂದ ಮೂರು ರೂಪಗಳಲ್ಲಿ ಇಜ಼್ ಎಂಬುದು ಕೊನೆಗೆ ಕೈಹತ್ತುತ್ತದೆ.

ಕಾಗುಣಿತದ ತಿದ್ದುಪಡಿಗಳ ಬಗ್ಗೆ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ವ್ಯಂಜನದ ಬಳಿಕ ವೈ ಬಂದರೆ ಅದು ಐಇಎಸ್ ಆಗುತ್ತದೆ, ಸ್ವರದ ಬಳಿಕ ಬಂದರೆ ಹಾಗೆಯೇ ಉಳಿದು ಎಸ್ ಪಡೆಯುತ್ತದೆ; ಸಿಟಿ ಮತ್ತು ಕೀ ಇದಕ್ಕೆ ಉದಾಹರಣೆಗಳು. ವ್ಯಕ್ತಿನಾಮಗಳಿಗೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ. ಕೆನಡಿ ಮನೆತನದವರನ್ನು ಒಟ್ಟಾಗಿ ಹೇಳುವಾಗ ವೈ ಬದಲಾಗದೆ ಎಸ್ ಸೇರುತ್ತದೆ, ಏಕೆಂದರೆ ಹೆಸರಿನ ಕಾಗುಣಿತ ಕೆಡಬಾರದು. ಒ ಅಕ್ಷರದಲ್ಲಿ ಮುಗಿಯುವ ಪದಗಳದ್ದು ಇದಕ್ಕಿಂತ ತೊಡಕಿನ ಕಥೆ. ಪೊಟೇಟೊ, ಟೊಮೇಟೊ, ಹೀರೊ, ಎಕೊ ಇವು ಇಎಸ್ ಪಡೆಯುತ್ತವೆ. ಫೋಟೊ, ಕಿಲೊಗಳಂಥ ಮೊಟಕಾದ ಪದಗಳು, ಪಿಯಾನೊದಂಥ ಇಟಲಿಯ ಸಂಗೀತದ ಪದಗಳು, ರೇಡಿಯೊ, ಸ್ಟುಡಿಯೊಗಳಂತೆ ಒ ಅಕ್ಷರದ ಹಿಂದೆಯೂ ಸ್ವರವಿರುವ ಪದಗಳು ಬರಿಯ ಎಸ್ ಪಡೆಯುತ್ತವೆ. ಮ್ಯಾಂಗೊ, ಮಸ್ಕಿಟೊ, ವಾಲ್ಕೇನೊಗಳಿಗೆ ಎರಡೂ ನಡೆಯುತ್ತವೆ. ಈ ಇಎಸ್ ಎಂಬುದು ಒಮ್ಮೆ ಒಬ್ಬ ರಾಜಕಾರಣಿಯ ಮಾನವನ್ನೇ ತೆಗೆಯಿತು. 1992ರ ಜೂನ್ 15ರಂದು ನ್ಯೂಜೆರ್ಸಿಯ ಟ್ರೆಂಟನ್ ನಗರದ ಶಾಲೆಯೊಂದರಲ್ಲಿ ಅಮೆರಿಕದ ಉಪಾಧ್ಯಕ್ಷ ಡ್ಯಾನ್ ಕ್ವೇಲ್ ಕಾಗುಣಿತದ ಸ್ಪರ್ಧೆ ನಡೆಸಿಕೊಡುತ್ತಿದ್ದಾಗ, ಪೊಟೇಟೊ ಎಂದು ಸರಿಯಾಗಿಯೇ ಬರೆದಿದ್ದ ಹುಡುಗನಿಂದ ಕೊನೆಗೊಂದು ಇ ಸೇರಿಸಿಸಿದರು. ಅವರ ಕೈಯಲ್ಲಿದ್ದ ಕಾರ್ಡಿನಲ್ಲಿಯೂ ಹಾಗೆಯೇ ಬರೆದಿತ್ತು. ಬಹುವಚನದಲ್ಲಿ ಎಸ್ ಅಕ್ಷರದ ಹಿಂದೆ ಇ ಕಾಣಿಸುವಾಗ ಅದು ಏಕವಚನದಲ್ಲಿಯೂ ಇರಬೇಕೆಂದು ಊಹಿಸುವುದು ಸಹಜ. ಆದರೂ ಆ ಒಂದು ಅಕ್ಷರ ಅವರ ರಾಜಕೀಯ ಜೀವನದುದ್ದಕ್ಕೂ ಬೆನ್ನು ಬಿಡಲಿಲ್ಲ.

ನೈಫ್, ವೈಫ್, ವುಲ್ಫ್, ಲೀಫ್, ಹಾಫ್ ಇವುಗಳ ಫಕಾರ ಬಹುವಚನದಲ್ಲಿ ವಕಾರವಾಗುವುದನ್ನು ಅಪವಾದವೆಂದು ಕಲಿಸುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ, ಅಂದರೆ ಸುಮಾರು 1100ಕ್ಕೆ ಮೊದಲು, ಎರಡು ಘೋಷ ಧ್ವನಿಗಳ ನಡುವೆ ಸಿಲುಕಿದ ಫಕಾರವನ್ನು ವಕಾರವಾಗಿಯೇ ನುಡಿಯುತ್ತಿದ್ದರು. ತೋಳಕ್ಕೆ ಏಕವಚನ ವುಲ್ಫ್, ಬಹುವಚನ ವುಲ್ಫಸ್. ಬಹುವಚನದಲ್ಲಿ ಫಕಾರದ ಮುಂದೆ ಸ್ವರ ಬಂದ ಕಾರಣ ಅದು ನಾಲಿಗೆಯ ಮೇಲೆ ವುಲ್ವಸ್ ಆಯಿತು. ಕಾಲಕ್ರಮದಲ್ಲಿ ಆ ಸ್ವರ ಸವೆದುಹೋದರೂ ಅದು ತಂದ ಬದಲಾವಣೆ ಉಳಿದುಕೊಂಡಿತು. ಚೀಫ್, ಪ್ರೂಫ್, ಬ್ರೀಫ್ ಮುಂತಾದವು ಫ್ರೆಂಚಿನಿಂದ ಬಂದು ಸೇರಿದವಾದ್ದರಿಂದ ಅವು ಈ ಹಳೆಯ ಬದಲಾವಣೆಗೆ ಒಳಗಾಗಲಿಲ್ಲ. ರೂಫ್‌ನಂಥ ಕೆಲವು ದೇಶೀಯ ಪದಗಳು ಮಾತ್ರ ನಡುದಾರಿಯಲ್ಲಿ ಪಕ್ಷ ಬದಲಿಸಿದವು. ಇದೇ ನಿಯಮ ಸಕಾರಕ್ಕೂ ಇತ್ತು ಎಂಬುದಕ್ಕೆ ಹೌಸ್ ಪದವೇ ಸಾಕ್ಷಿ. ಒಂದು ಮನೆಗೆ ಹೌಸ್ ಎನ್ನುವವರು ಹಲವಕ್ಕೆ ಹೌಜ಼ಿಜ಼್ ಎನ್ನುತ್ತಾರೆ. ಬರಹದಲ್ಲಿ ಎರಡಕ್ಕೂ ಎಸ್ ಅಕ್ಷರವೇ ಇರುವುದರಿಂದ ನಾವು ಅದನ್ನು ಗಮನಿಸುವುದಿಲ್ಲ. ಪದ ತನ್ನ ಮೂಲ ಅರ್ಥವನ್ನು ಬಿಟ್ಟು ಹೆಸರಾಗಿ ನಿಂತರೆ ಈ ಹಳೆಯ ರೂಪವನ್ನೂ ಕಳಚಿಕೊಳ್ಳುವುದುಂಟು. 1927ರಿಂದ ಟೊರಾಂಟೊದ ಐಸ್ ಹಾಕಿ ತಂಡಕ್ಕಿರುವ ಹೆಸರು ಮೇಪಲ್ ಲೀಫ್ಸ್, ಲೀವ್ಸ್ ಅಲ್ಲ.

ಈಗ ಮೌಸ್ ಮತ್ತು ಹೌಸ್‌ಗಳ ಪ್ರಶ್ನೆಗೆ ಬರಬಹುದು. ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳು ಮೂರು ಲಿಂಗಗಳಲ್ಲಿ ಹಂಚಿಹೋಗಿದ್ದವು; ಅವುಗಳೊಳಗೆ ಮತ್ತೆ ಗುಂಪುಗಳಿದ್ದವು; ಪ್ರತಿ ಗುಂಪಿಗೂ ಬಹುವಚನದ ತನ್ನದೇ ಪ್ರತ್ಯಯವಿತ್ತು. ಕಲ್ಲು ಎಂಬರ್ಥದ ಸ್ಟಾನ್ ಬಹುವಚನದಲ್ಲಿ ಸ್ಟಾನಸ್ ಆಗುತ್ತಿತ್ತು, ಹೆಸರು ಎಂಬರ್ಥದ ನಮ ಎಂಬುದು ನಮನ್ ಆಗುತ್ತಿತ್ತು, ಹಡಗು ಎಂಬರ್ಥದ ಶಿಪ್ ಎಂಬುದು ಶಿಪು ಆಗುತ್ತಿತ್ತು. ಕೆಲವಕ್ಕೆ ಪ್ರತ್ಯಯವೇ ಇರಲಿಲ್ಲ. ಇಂದು ರಾಜ್ಯಭಾರ ಮಾಡುತ್ತಿರುವ ಎಸ್ ಆಗ ಹಲವರಲ್ಲಿ ಒಬ್ಬನಾಗಿತ್ತು. ಪುಲ್ಲಿಂಗದ ಒಂದು ಗುಂಪಿಗೆ ಮಾತ್ರ ಸಲ್ಲುತ್ತಿತ್ತು.

ಮೌಸ್ ಸೇರಿದ್ದ ಗುಂಪು ಬಹಳ ಚಿಕ್ಕದು. ಇಂಗ್ಲಿಷ್ ಬರಹಕ್ಕೆ ಇಳಿಯುವುದಕ್ಕೂ ಮೊದಲು, ಇಂಗ್ಲಿಷ್, ಜರ್ಮನ್ ಮುಂತಾದವು ಸೇರಿದ ಜರ್ಮಾನಿಕ್ ಭಾಷೆಗಳ ಪೂರ್ವರೂಪದಲ್ಲಿ, ಈ ಗುಂಪಿನ ಪದಗಳ ಬಹುವಚನದಲ್ಲಿ ಇಕಾರವಿರುವ ಪ್ರತ್ಯಯವಿತ್ತು. ಇಲಿ ಎಂಬರ್ಥದ ಮೂಸ್ ಹಲವಾದಾಗ ಮೂಸಿ ಎಂಬಂಥ ರೂಪ ಪಡೆಯುತ್ತಿತ್ತು. ಮುಂದೆ ಬರುವ ಇಕಾರಕ್ಕೆ ನಾಲಿಗೆ ಮೊದಲೇ ಸಿದ್ಧವಾಗುವುದರಿಂದ ಅದರ ಹಿಂದಿನ ಊಕಾರ ಬಾಯಿಯ ಮುಂಭಾಗಕ್ಕೆ ಸರಿದು ಈಕಾರದ ಹತ್ತಿರ ಬಂತು. ಇಂಥದ್ದು ಕನ್ನಡಿಗರಿಗೆ ಹೊಸದೇನಲ್ಲ. ತಮಿಳಿನಲ್ಲಿ ಚೆವಿ ಎಂದಿರುವುದು ನಮ್ಮಲ್ಲಿ ಕಿವಿಯಾದದ್ದು ಇದೇ ರೀತಿಯಲ್ಲಿ; ಮುಂದಿನ ಅಕ್ಷರದ ಇಕಾರ ಹಿಂದಿನ ಎಕಾರವನ್ನು ತನ್ನತ್ತ ಎಳೆದುಕೊಂಡಿತು. ಇಂಗ್ಲಿಷಿನಲ್ಲಿ ಎಳೆದ ಇಕಾರ ಬಳಿಕ ಉದುರಿಹೋಯಿತು. ಎಳೆಯಲ್ಪಟ್ಟ ಸ್ವರ ಮಾತ್ರ ಬಹುವಚನದ ಗುರುತಾಗಿ ಉಳಿಯಿತು. ಸುಮಾರು 1400ರಿಂದ 1700ರವರೆಗೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದಾಗ ಮೂಸ್ ಮೌಸ್ ಆಯಿತು, ಮೀಸ್ ಮೈಸ್ ಆಯಿತು. ಫೋಟ್ ಮತ್ತು ಫೇಟ್ ಎಂದಿದ್ದವು ಫುಟ್ ಮತ್ತು ಫೀಟ್ ಆದದ್ದೂ ಇದೇ ದಾರಿಯಲ್ಲಿ.

ಹೌಸ್ ಆಗ ಹೂಸ್ ಎಂದಿತ್ತು. ಮೂಸ್ ಜೊತೆ ಆಗಲೂ ಅದಕ್ಕೆ ಪ್ರಾಸವಿತ್ತು. ಆದರೆ ಅದು ನಪುಂಸಕಲಿಂಗದ, ಬಹುವಚನ ಪ್ರತ್ಯಯವೇ ಇಲ್ಲದ ಗುಂಪಿಗೆ ಸೇರಿತ್ತು. ಒಂದು ಮನೆಯೂ ಹೂಸ್, ಹತ್ತು ಮನೆಯೂ ಹೂಸ್. ಎಳೆಯುವ ಇಕಾರವೇ ಮುಂದೆ ಇಲ್ಲದಿದ್ದ ಮೇಲೆ ಅದರ ಸ್ವರ ಬದಲಾಗುವ ಪ್ರಶ್ನೆಯೇ ಏಳಲಿಲ್ಲ. ಮುಂದೆ ಎಸ್ ಎಲ್ಲೆಡೆ ಹರಡಿದಾಗ ಅದೂ ಉಳಿದವರಂತೆ ಎಸ್ ಹಾಕಿಕೊಂಡಿತು. ಇನ್ನು ಸ್ಪೌಸ್, ಬ್ಲೌಸ್ ಎಂಬವು ಫ್ರೆಂಚಿನಿಂದ ಬಂದವು. ಇಕಾರದ ಆಟ ಮುಗಿದು ಎಷ್ಟೋ ಶತಮಾನಗಳ ಬಳಿಕ ಕಾಲಿಟ್ಟ ಇವುಗಳಿಂದ ಸ್ಪೈಸ್, ಬ್ಲೈಸ್‌ಗಳನ್ನು ನಿರೀಕ್ಷಿಸುವಂತಿಲ್ಲ.

ಹೀಗೆ ಸ್ವರ ಬದಲಿಸಿ ಬಹುವಚನವಾಗುವ ಪದಗಳು ಇಂದು, ಸಮಾಸಗಳನ್ನು ಬಿಟ್ಟರೆ, ಏಳೇ ಏಳು ಉಳಿದಿವೆ: ಮ್ಯಾನ್, ವುಮನ್, ಫುಟ್, ಟೂತ್, ಗೂಸ್, ಮೌಸ್, ಲೌಸ್. ಹಿಂದೆ ಇನ್ನೂ ಕೆಲವು ಇದ್ದವು. ಬುಕ್ ಕೂಡ ಇದೇ ಗುಂಪಿನದು. ಅದರ ಹಳೆಯ ಬಹುವಚನ ಬೇಚ್. ಅದು ಎಸ್ ಕಡೆಗೆ ವಾಲದೆ ಹಾಗೆಯೇ ಬೆಳೆದಿದ್ದರೆ ಇಂದು ಒಂದು ಬುಕ್, ಎರಡು ಬೀಚ್ ಎನ್ನಬೇಕಾಗುತ್ತಿತ್ತು. ಉಳಿದ ಏಳೂ ಮನುಷ್ಯರು, ದೇಹದ ಅಂಗಗಳು, ಮನೆಯ ಸುತ್ತಲಿನ ಪ್ರಾಣಿಗಳು ಎಂಬುದನ್ನು ಗಮನಿಸಬೇಕು. ದಿನಬೆಳಗಾದರೆ ಬಾಯಲ್ಲಿ ಬರುವ ಪದವನ್ನು ಮಕ್ಕಳು ನಿಯಮ ಕಲಿಯುವ ಮೊದಲೇ ಕೇಳಿ ಕಲಿತಿರುತ್ತಾರೆ. ಅಪರೂಪದ ಪದವಾದರೆ ಹಳೆಯ ರೂಪ ಮರೆತುಹೋಗಿ ನಿಯಮ ಅದರ ಜಾಗ ಹಿಡಿಯುತ್ತದೆ. ಬಳಕೆಯೇ ಇಲ್ಲಿ ಕಾವಲುಗಾರ.

ಗೂಸ್ ಎಂಬುದು ಗೀಸ್ ಆಗುವುದರಿಂದ ಮಾಂಗೂಸ್ ಎಂಬುದು ಮಾಂಗೀಸ್ ಆಗಬೇಕೆಂದು ಹಲವರು ಭಾವಿಸುತ್ತಾರೆ. ಮಾಂಗೂಸ್‌ಗೂ ಬಾತಿನ ಜಾತಿಯ ಆ ಹಕ್ಕಿಗೂ ಯಾವ ನಂಟೂ ಇಲ್ಲ. ಅದು ಮರಾಠಿಯ ಮಂಗೂಸ್ ಎಂಬ ಪದದಿಂದ ಇಂಗ್ಲಿಷಿಗೆ ಹೋದದ್ದು. ನಮ್ಮ ಮುಂಗುಸಿಯ ಬಳಗದ್ದೇ. ಹೀಗೆ ಹೊರಗಿನಿಂದ ಬಂದ ಪದಕ್ಕೆ ಮಾಂಗೂಸಿಜ಼್ ಎಂಬುದೇ ಸರಿಯಾದ ಬಹುವಚನ. ಮೂಸ್ ಎಂಬ ದೊಡ್ಡ ಕಡವೆಯ ಹೆಸರು ಉತ್ತರ ಅಮೆರಿಕದ ಆಲ್ಗಾಂಕ್ವಿಯನ್ ಭಾಷೆಗಳಿಂದ ಬಂತು. ಅದು ಮೀಸ್ ಆಗದೆ, ಬೇಟೆಯ ಪ್ರಾಣಿಗಳ ಸಾಲಿಗೆ ಸೇರಿ ಒಂದಕ್ಕೂ ಹಲವಕ್ಕೂ ಮೂಸ್ ಎಂದೇ ಉಳಿಯಿತು. ಆ ಸಾಲಿನ ಹಿರಿಯರು ಶೀಪ್ ಮತ್ತು ಡಿಯರ್. ಇವೆರಡೂ ಹೌಸ್ ಇದ್ದ ಪ್ರತ್ಯಯವಿಲ್ಲದ ಗುಂಪಿನವು. ಹೌಸ್ ಎಸ್ ಹಚ್ಚಿಕೊಂಡಿತು, ಇವು ಹಚ್ಚಿಕೊಳ್ಳಲಿಲ್ಲ. ಫಿಶ್ ಎಂಬುದಕ್ಕೆ ಮೊದಲು ಎಸ್ ಇತ್ತು. ಆಮೇಲೆ ಈ ಗುಂಪಿಗೆ ಬಂತು. ಈಗಲೂ ಬೇರೆಬೇರೆ ಜಾತಿಯ ಮೀನುಗಳನ್ನು ಹೇಳುವಾಗ ಫಿಶಿಜ಼್ ಎನ್ನುವುದುಂಟು.

ಎಸ್ ಗೆದ್ದದ್ದು ಒಂದೇ ದಿನದಲ್ಲಲ್ಲ. ಹಳೆಯ ಇಂಗ್ಲಿಷಿನ ಕೊನೆಯ ಹೊತ್ತಿಗೆ ಒತ್ತಿಲ್ಲದ ಸ್ವರಗಳೆಲ್ಲ ಸವೆದು ಒಂದೇ ತರಹ ಕೇಳಿಸತೊಡಗಿದವು. ಅಕಾರ, ಉಕಾರ, ಎಕಾರಗಳ ವ್ಯತ್ಯಾಸವೇ ಅಳಿಸಿಹೋದ ಮೇಲೆ ಬರಿಯ ಸ್ವರದಿಂದ ಬಹುವಚನ ತೋರಿಸುವ ಗುಂಪುಗಳು ನೆಲೆ ಕಳೆದುಕೊಂಡವು. ವ್ಯಂಜನವಿದ್ದ ಎರಡು ಪ್ರತ್ಯಯಗಳು ಕಣದಲ್ಲಿ ಉಳಿದವು. ಉತ್ತರದಿಂದ ಎಸ್ ಇಳಿದು ಬಂತು, ದಕ್ಷಿಣದಲ್ಲಿ ಎನ್ ಬಲವಾಗಿತ್ತು. ದಕ್ಷಿಣದವರು ಕಣ್ಣುಗಳಿಗೆ ಐಯೆನ್ ಎನ್ನುತ್ತಿದ್ದರು, ಪಾದರಕ್ಷೆಗಳಿಗೆ ಶೂನ್ ಎನ್ನುತ್ತಿದ್ದರು, ಹೌಸ್‌ಗೂ ಹೌಸೆನ್ ಎಂಬ ರೂಪ ಚಾಲ್ತಿಯಲ್ಲಿತ್ತು.

ಈ ಪೈಪೋಟಿಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಒಂದು ಪ್ರಸಂಗವನ್ನು ಇಂಗ್ಲೆಂಡಿನ ಮೊದಲ ಮುದ್ರಕ ವಿಲಿಯಂ ಕ್ಯಾಕ್ಸ್‌ಟನ್ 1490ರಲ್ಲಿ ತಾನು ಅಚ್ಚು ಹಾಕಿದ ಪುಸ್ತಕವೊಂದರ ಮುನ್ನುಡಿಯಲ್ಲಿ ಬರೆದಿದ್ದಾನೆ. ಥೇಮ್ಸ್ ನದಿಯಿಂದ ಇಂದಿನ ನೆದರ್ಲೆಂಡ್ಸ್‌ನ ಜೀಲೆಂಡಿಗೆ ಹೊರಟಿದ್ದ ವರ್ತಕರು ಗಾಳಿ ಬೀಸದ ಕಾರಣ ದಡಕ್ಕಿಳಿದು ಒಂದು ಮನೆಯಲ್ಲಿ ಊಟ ಕೇಳುತ್ತಾರೆ. ಅವರಲ್ಲೊಬ್ಬ ವಿಶೇಷವಾಗಿ ಎಗ್ಗಿಸ್ ಬೇಕು, ಅಂದರೆ ಮೊಟ್ಟೆಗಳು ಬೇಕು ಎನ್ನುತ್ತಾನೆ. ಮನೆಯಾಕೆ ತನಗೆ ಫ್ರೆಂಚ್ ಬರುವುದಿಲ್ಲ ಎಂದು ಉತ್ತರಿಸುತ್ತಾಳೆ. ವರ್ತಕನಿಗೆ ಸಿಟ್ಟು ಬರುತ್ತದೆ, ಏಕೆಂದರೆ ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ. ಕೊನೆಗೆ ಇನ್ನೊಬ್ಬ ಐರೆನ್ ಬೇಕೆಂದು ಹೇಳಿದಾಗ ಆಕೆಗೆ ತಿಳಿಯುತ್ತದೆ. ಈ ಕಾಲದಲ್ಲಿ ಎಗ್ಗಿಸ್ ಎಂದು ಬರೆಯಬೇಕೋ ಐರೆನ್ ಎಂದು ಬರೆಯಬೇಕೋ ಎಂಬುದು ಕ್ಯಾಕ್ಸ್‌ಟನ್ನನ ಅಳಲು. ಇಬ್ಬರೂ ಆಡಿದ್ದು ಇಂಗ್ಲಿಷೇ. ಎಗ್ ಎಂಬುದು ಸ್ಕ್ಯಾಂಡಿನೇವಿಯದ ಕಡೆಯಿಂದ ಬಂದು ಉತ್ತರದ ಪ್ರತ್ಯಯ ತೊಟ್ಟಿತ್ತು. ಐ ಎಂಬುದು ಹಳೆಯ ದೇಶೀಯ ಪದ, ದಕ್ಷಿಣದ ಪ್ರತ್ಯಯ ತೊಟ್ಟಿತ್ತು.

ಐರೆನ್ ಎಂಬುದನ್ನು ಬಿಡಿಸಿ ನೋಡಿದರೆ ಇನ್ನೊಂದು ಸಂಗತಿ ಹೊರಬೀಳುತ್ತದೆ. ಮೊಟ್ಟೆಯ ಹಳೆಯ ಬಹುವಚನಕ್ಕೆ ಆಗಲೇ ಒಂದು ರಕಾರವಿತ್ತು. ಆ ರಕಾರ ಬಹುವಚನವನ್ನು ಸೂಚಿಸುತ್ತದೆಂಬುದು ಮರೆತುಹೋದಾಗ ಜನ ಅದರ ಮೇಲೆ ಮತ್ತೊಂದು ಎನ್ ಹೇರಿದರು. ಚಿಲ್ಡ್ರನ್ ಆದದ್ದೂ ಹೀಗೆಯೇ. ಚಿಲ್ಡ್ ಎಂಬುದರ ಬಹುವಚನ ಮೊದಲು ಚಿಲ್ಡ್ರು, ಬಳಿಕ ಚಿಲ್ಡರ್; ಅದು ಸಾಲದೆಂಬಂತೆ ಮೇಲೊಂದು ಎನ್. ಬ್ರೆದ್ರನ್ ಎಂಬುದರಲ್ಲಿಯೂ ಸ್ವರ ಬದಲಾದದ್ದು ಒಂದು, ಎನ್ ಸೇರಿದ್ದು ಇನ್ನೊಂದು. ಎರಡನೆಯ ಗುರುತಿನ ಅಗತ್ಯವಿಲ್ಲದೆ ಶುದ್ಧವಾಗಿ ಉಳಿದ ಎನ್ ಬಹುವಚನ ಇಂದಿನ ಸಾಮಾನ್ಯ ಬಳಕೆಯಲ್ಲಿ ಆಕ್ಸೆನ್ ಒಂದೇ. ಇದನ್ನು ಓದಿ ನಗುವ ಮೊದಲು ನಮ್ಮ ದೇವರುಗಳು, ಅವರುಗಳು ಎಂಬ ರೂಪಗಳನ್ನು ನೆನೆಯಬೇಕು. ದೇವರು ಎಂಬುದರಲ್ಲಿಯೇ ಬಹುವಚನದ ಅರು ಇದೆ. ಗೌರವಕ್ಕಾಗಿ ಅದು ಏಕವಚನಕ್ಕೂ ಸಲ್ಲತೊಡಗಿದ ಮೇಲೆ ನಿಜವಾದ ಬಹುವಚನಕ್ಕೆ ಗಳು ಬೇಕಾಯಿತು. ಮಗು ಎಂಬುದಕ್ಕೆ ನಾವೂ ಮಗುಗಳು ಎನ್ನದೆ ಮಕ್ಕಳು ಎನ್ನುತ್ತೇವೆ. ದಿನವೂ ಬಾಯಲ್ಲಿರುವ ಪದಗಳು ಯಾವ ಭಾಷೆಯಲ್ಲಿಯೂ ಸುಲಭಕ್ಕೆ ಸಾಲಿಗೆ ಬರುವುದಿಲ್ಲ.

ಲ್ಯಾಟಿನ್ ಮತ್ತು ಗ್ರೀಕ್ ಪದಗಳ ವಿಷಯಕ್ಕೆ ಬಂದಾಗ ನನ್ನ ಸಹಾನುಭೂತಿ ಸ್ವಲ್ಪ ಕಡಿಮೆಯಾಗುತ್ತದೆ. ಹಳೆಯ ರೂಪಗಳು ಜನರ ಬಾಯಲ್ಲಿ ಸವೆದು ಬಂದವು. ಇವನ್ನು ವಿದ್ವಾಂಸರು ಬರಹದ ಮೂಲಕ ಬಹುವಚನದ ಸಮೇತ ಹೊತ್ತು ತಂದರು. ಕ್ಯಾಕ್ಟಸ್, ಫಂಗಸ್ ಮುಂತಾದವು ಕ್ಯಾಕ್ಟೈ, ಫಂಗೈ ಆಗುವುದನ್ನು ಕಂಡು ಅಸ್ ಎಂದು ಮುಗಿಯುವುದೆಲ್ಲ ಐ ಆಗಬೇಕೆಂದು ಕೆಲವರು ನಂಬಿದ್ದಾರೆ. ಲ್ಯಾಟಿನ್ನಿನಲ್ಲಿಯೇ ಅದು ಹಾಗಿರಲಿಲ್ಲ. ಕಾರ್ಪಸ್ ಎಂಬುದರ ಬಹುವಚನ ಕಾರ್ಪೊರ, ಜೀನಸ್ ಎಂಬುದರದ್ದು ಜೆನೆರ, ಸ್ಟೇಟಸ್ ಬೇರೆ ಗುಂಪಿನದು. ಆಕ್ಟೊಪಸ್ ಎಂಬುದು ಮೂಲತಃ ಗ್ರೀಕ್. ಆಕ್ಟೊಪೈ ಎನ್ನುವವರು ಗ್ರೀಕ್ ಪದಕ್ಕೆ ಲ್ಯಾಟಿನ್ ಪ್ರತ್ಯಯ ಹಚ್ಚುತ್ತಾರೆ. ಗ್ರೀಕ್ ರೂಪವೇ ಬೇಕೆನ್ನುವವರು ಆಕ್ಟೊಪೊಡೀಸ್ ಎನ್ನಬೇಕಾಗುತ್ತದೆ. ಆಕ್ಟೊಪಸಿಜ಼್ ಎಂದರೆ ಯಾವ ತಕರಾರೂ ಇಲ್ಲ. ಇಗ್ನೊರೇಮಸ್ ಎಂಬುದಂತೂ ನಾಮಪದವೇ ಅಲ್ಲ, ನಮಗೆ ತಿಳಿಯದು ಎಂಬರ್ಥದ ಲ್ಯಾಟಿನ್ ಕ್ರಿಯಾಪದ. ಅದನ್ನು ಇಗ್ನೊರೇಮೈ ಎನ್ನುವವರು ಆ ಪದದ ಅರ್ಥವನ್ನೇ ನಿಜಮಾಡುತ್ತಾರೆ.

ನಿಘಂಟು ಎರಡೂ ರೂಪಗಳನ್ನು ಒಪ್ಪುವಲ್ಲಿ ನಾನು ಎಸ್ ಅನ್ನೇ ಆರಿಸಿಕೊಳ್ಳುತ್ತೇನೆ. ಫಾರ್ಮುಲಾ, ಸ್ಟೇಡಿಯಂ, ರೆಫರೆಂಡಂ, ಸಿಲಬಸ್ ಇವಕ್ಕೆ ಇಂಗ್ಲಿಷಿನ ಪ್ರತ್ಯಯ ಹಚ್ಚಿದರೆ ಏನೂ ಕೆಡುವುದಿಲ್ಲ. ಎರಡು ರೂಪಗಳು ಎರಡು ಅರ್ಥಗಳನ್ನು ಹಂಚಿಕೊಂಡಿರುವಲ್ಲಿ ಮಾತ್ರ ಎಚ್ಚರ ಬೇಕು. ಕೀಟದ ಮೀಸೆಗಳು ಆಂಟೆನೀ, ರೇಡಿಯೊದವು ಆಂಟೆನಾಸ್. ಗಣಿತದ ಘಾತಾಂಕಗಳು ಇಂಡಿಸೀಸ್, ಪುಸ್ತಕದ ಕೊನೆಯ ಪದಸೂಚಿಗಳು ಇಂಡೆಕ್ಸಸ್. ಕ್ರೈಸಿಸ್, ಥೀಸಿಸ್, ಅನಾಲಿಸಿಸ್ ಇವುಗಳ ಬಹುವಚನದಲ್ಲಿ ಇಸ್ ಎಂಬುದು ಈಸ್ ಆಗುವುದನ್ನು ಕಲಿಯದೆ ವಿಧಿಯಿಲ್ಲ. ಕ್ರೈಟೀರಿಯನ್, ಫಿನಾಮಿನನ್ ಇವುಗಳ ಬಹುವಚನವಾದ ಕ್ರೈಟೀರಿಯಾ, ಫಿನಾಮಿನಾಗಳನ್ನು ಏಕವಚನವೆಂದು ಬಳಸುವುದು ಬಹಳ ಕಡೆ ಕಾಣಸಿಗುತ್ತದೆ. ಶಿಷ್ಟ ಬರಹ ಅದನ್ನು ಇನ್ನೂ ಒಪ್ಪಿಲ್ಲ. ಇನ್ನೂ ಎನ್ನಲು ಕಾರಣವಿದೆ. ಅಜೆಂಡಾ, ಸ್ಟ್ಯಾಮಿನಾ ಇವೆರಡೂ ಲ್ಯಾಟಿನ್ನಿನಲ್ಲಿ ಬಹುವಚನಗಳೇ. ಅವನ್ನು ಏಕವಚನವಾಗಿ ಬಳಸಿದರೆ ಇಂದು ಯಾರೂ ಹುಬ್ಬೇರಿಸುವುದಿಲ್ಲ. ಡೇಟಾ ಇವೆರಡರ ನಡುವೆ ನಿಂತಿದೆ: ಕಂಪ್ಯೂಟರಿನ ಲೋಕದಲ್ಲಿ ಅದು ಏಕವಚನ, ಹಲವು ವಿಜ್ಞಾನ ಪತ್ರಿಕೆಗಳಲ್ಲಿ ಬಹುವಚನ.

ಬಹುವಚನದ ನಿಯಮ ಹಿಮ್ಮುಖವಾಗಿ ಓಡಿದ ಉದಾಹರಣೆಗಳೂ ಇವೆ. ಬಟಾಣಿಗೆ ಇಂಗ್ಲಿಷಿನಲ್ಲಿ ಮೊದಲು ಇದ್ದ ಪದ ಪೀಜ಼್, ಅದು ಏಕವಚನವೇ. ಕೊನೆಯ ಜ಼ಕಾರವನ್ನು ಬಹುವಚನದ ಗುರುತೆಂದು ತಿಳಿದ ಜನ ಅದನ್ನು ಕಿತ್ತುಹಾಕಿ ಪೀ ಎಂಬ ಹೊಸ ಏಕವಚನವನ್ನು ಹುಟ್ಟಿಸಿದರು. ನಾರ್ಮನ್ ಫ್ರೆಂಚಿನ ಚೆರೀಜ಼್ ಎಂಬುದು ಚೆರಿ ಆದದ್ದೂ ಹಾಗೆಯೇ. ವಗ್ ಪರೀಕ್ಷೆಯಲ್ಲಿ ಟ್ಯಾಸ್ ಎಂಬುದು ಆಗಲೇ ಬಹುವಚನವೆಂದು ಮಕ್ಕಳಿಗೆ ತೋಚಿದಂತೆ, ಇಡೀ ಸಮುದಾಯಕ್ಕೇ ತೋಚಿದ ಪ್ರಸಂಗಗಳಿವು.

ಕನ್ನಡಿಗರು ಹೆಚ್ಚಾಗಿ ಎಡವುವುದು ಈ ಪಟ್ಟಿಗಳಲ್ಲಿ ಅಲ್ಲ, ಎಣಿಕೆಗೆ ಒಗ್ಗದ ಪದಗಳಲ್ಲಿ. ಇನ್ಫರ್ಮೇಶನ್, ಅಡ್ವೈಸ್, ಫರ್ನಿಚರ್, ಲಗೇಜ್, ಇಕ್ವಿಪ್‌ಮೆಂಟ್ ಇವಕ್ಕೆ ಬಹುವಚನವಿಲ್ಲ. ಎಣಿಸಲೇಬೇಕಾದರೆ ಎ ಪೀಸ್ ಆಫ್ ಎಂದು ಪದಕ್ಕೆ ಮೊದಲು ಸೇರಿಸಬೇಕು. ಮಾಹಿತಿಗಳು, ಸಲಹೆಗಳು ಎಂದು ನಾವು ನಿರಾತಂಕವಾಗಿ ಬರೆಯುವುದರಿಂದ ಇಂಗ್ಲಿಷಿನಲ್ಲಿಯೂ ಕೈ ಎಸ್ ಕಡೆಗೆ ಹೋಗುತ್ತದೆ. ವಸ್ತುವಿನ ಸ್ವಭಾವಕ್ಕೂ ಇದಕ್ಕೂ ಸಂಬಂಧವಿಲ್ಲ. ಫ್ರೆಂಚಿನಲ್ಲಿ ಇದೇ ಇನ್ಫರ್ಮೇಶನ್ ಎಂಬ ಪದವನ್ನು ಬಹುವಚನದಲ್ಲಿ ಧಾರಾಳವಾಗಿ ಬಳಸುತ್ತಾರೆ. ಎಣಿಸಬಹುದೋ ಇಲ್ಲವೋ ಎಂಬುದನ್ನು ಪ್ರತಿ ಭಾಷೆಯೂ ತನಗೆ ತಾನೇ ನಿರ್ಧರಿಸಿಕೊಳ್ಳುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಸಿಜ಼ರ್ಸ್, ಟ್ರೌಜ಼ರ್ಸ್ ಮುಂತಾದವು ಒಂದೇ ವಸ್ತುವಾದರೂ ಬಹುವಚನದಲ್ಲಿಯೇ ಇರುತ್ತವೆ. ನ್ಯೂಸ್, ಮ್ಯಾಥಮ್ಯಾಟಿಕ್ಸ್, ಮೀಸಲ್ಸ್ ಮುಂತಾದವು ಎಸ್ ಹೊತ್ತುಕೊಂಡೇ ಏಕವಚನದ ಕ್ರಿಯಾಪದ ಪಡೆಯುತ್ತವೆ.

ಸಂಖ್ಯಾವಾಚಕದ ಬಳಿಕವೂ ಎರಡು ಭಾಷೆಗಳ ದಾರಿ ಬೇರೆ. ಹತ್ತು ಮರ, ಐದು ಪುಸ್ತಕ ಎಂದರೆ ಕನ್ನಡಕ್ಕೆ ಸಾಕು. ಸಂಖ್ಯೆಯೇ ಬಹುತ್ವವನ್ನು ಹೇಳಿದೆ. ಇಂಗ್ಲಿಷಿಗೆ ಅದು ಸಾಲದು, ಸೊನ್ನೆಯ ಬಳಿಕವೂ ಒಂದೂವರೆಯ ಬಳಿಕವೂ ಅದು ಬಹುವಚನವನ್ನೇ ಕೇಳುತ್ತದೆ. ಆದರೆ ಸಂಖ್ಯೆಯೂ ನಾಮಪದವೂ ಕೂಡಿ ಇನ್ನೊಂದು ನಾಮಪದಕ್ಕೆ ವಿಶೇಷಣವಾದಾಗ ಎಸ್ ಮಾಯವಾಗುತ್ತದೆ. ಗೋಡೆಯ ಎತ್ತರ ಟೆನ್ ಫೀಟ್, ಗೋಡೆ ಮಾತ್ರ ಟೆನ್ ಫುಟ್ ವಾಲ್. ಇಲ್ಲಿರುವ ಫುಟ್ ಏಕವಚನವಲ್ಲ, ಹತ್ತು ಅಡಿಗಳ ಎಂಬರ್ಥದ ಹಳೆಯ ಷಷ್ಠೀ ಬಹುವಚನವಾದ ಫೋಟ ಎಂಬುದರ ಉಳಿಕೆ.

ಸಮಾಸಗಳಲ್ಲಿ ಮುಖ್ಯ ಪದಕ್ಕೆ ಎಸ್ ಸೇರುತ್ತದೆ, ಮದರ್ಸ್ ಇನ್ ಲಾ, ಪಾಸರ್ಸ್ ಬೈ ಎಂಬಂತೆ. ಅಟಾರ್ನೀಸ್ ಜನರಲ್ ಎಂಬುದರಲ್ಲಿ ಎಸ್ ನಡುವೆ ಬರುವುದು, ಅಲ್ಲಿ ವಿಶೇಷಣ ಫ್ರೆಂಚ್ ಪದ್ಧತಿಯಂತೆ ನಾಮಪದದ ಬಳಿಕ ಬಂದಿರುವುದರಿಂದ. ಅಪಾಸ್ಟ್ರಫಿ ಚಿಹ್ನೆಗೂ ಬಹುವಚನಕ್ಕೂ ಸಂಬಂಧವಿಲ್ಲ. ಅಂಗಡಿಯ ಫಲಕಗಳಲ್ಲಿ ಎಸ್ ಅಕ್ಷರದ ಹಿಂದೆ ಅದನ್ನು ತೂಗುಬಿಡುವುದು ಬ್ರಿಟನ್ನಿನಲ್ಲಿಯೇ ಎಷ್ಟು ಸಾಮಾನ್ಯವೆಂದರೆ, ತರಕಾರಿ ವ್ಯಾಪಾರಿಗಳ ಅಪಾಸ್ಟ್ರಫಿ ಎಂಬ ಹೆಸರೇ ಅದಕ್ಕೆ ಬಿದ್ದಿದೆ.

ಕೊನೆಯದಾಗಿ, ಇಂಗ್ಲಿಷ್ ಪದಗಳನ್ನು ಕನ್ನಡ ವಾಕ್ಯದೊಳಗೆ ಬಳಸುವಾಗ ಬಹುವಚನ ಯಾವ ಭಾಷೆಯದಿರಬೇಕು ಎಂಬ ಪ್ರಶ್ನೆ. ನನ್ನ ಪದ್ಧತಿ ನೇರವಾದದ್ದು: ಏಕವಚನವನ್ನು ಎತ್ತಿಕೊಂಡು ಗಳು ಹಚ್ಚುವುದು. ಫೈಲುಗಳು, ಟಿಕೆಟ್‌ಗಳು, ಬ್ಯಾಂಕುಗಳು ಎಂಬಲ್ಲಿ ಎಸ್ ನುಸುಳಬೇಕಾದ ಕಾರಣವಿಲ್ಲ. ಪೇರೆಂಟ್ಸ್‌ಗಳು, ಫ್ರೆಂಡ್ಸ್‌ಗಳು ಎಂಬ ಇಮ್ಮಡಿ ರೂಪಗಳನ್ನು ನಾನು ಬರಹದಲ್ಲಿ ತಿದ್ದುತ್ತೇನೆ, ಮಾತಿನಲ್ಲಿ ತಿದ್ದಲು ಹೋಗುವುದಿಲ್ಲ. ಒಂದು ಟಿಪ್ಸ್, ಒಂದು ಚಿಪ್ಸ್ ಎನ್ನುವವರೊಂದಿಗೂ ವಾದಿಸುವುದಿಲ್ಲ. ಬ್ಯಾಕ್ಟೀರಿಯಾಗಳು ಎಂಬುದಂತೂ ಕನ್ನಡದಲ್ಲಿ ನೆಲೆಗೊಂಡಾಗಿದೆ, ಅದನ್ನು ಬ್ಯಾಕ್ಟೀರಿಯಂಗಳು ಎಂದು ಬದಲಿಸುವುದು ವೃಥಾ ಶ್ರಮ. ಬಸ್ಸುಗಳು ಎಂಬ ನಮ್ಮ ನಿತ್ಯದ ಪದವನ್ನೇ ತೆಗೆದುಕೊಳ್ಳಬಹುದು. ಎಲ್ಲರಿಗಾಗಿ ಎಂಬರ್ಥದ ಆಮ್ನಿಬಸ್ ಎಂಬ ಲ್ಯಾಟಿನ್ ಪದದ ಬಾಲವನ್ನಷ್ಟೇ ಕತ್ತರಿಸಿ ಇಟ್ಟುಕೊಂಡಾಗ ಬಸ್ ಆಯಿತು. ಆ ಬಾಲ ಲ್ಯಾಟಿನ್ನಿನ ಚತುರ್ಥೀ ಬಹುವಚನ ಪ್ರತ್ಯಯದ ತುಂಡು. ಇಂಗ್ಲಿಷ್ ಅದಕ್ಕೆ ಇಜ಼್ ಹಚ್ಚಿತು, ನಾವು ಗಳು ಹಚ್ಚಿದೆವು, ಇದನ್ನು ತಪ್ಪೆಂದು ಯಾವ ವ್ಯಾಕರಣವೂ ಹೇಳುವುದಿಲ್ಲ.